ನೂರ ಅರವತ್ತೇಳು ಚಕ್ರಗಳು

ನೀರು ಸರಬರಾಜು ಇಲಾಖೆಯ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷ ದುಡಿದ ಮೇಲೆ ನನಗೆ ಮೊದಲ ಸಲ ಮೈಕಿನ ಮುಂದೆ ನಿಲ್ಲುವ ಯೋಗ ಕೂಡಿ ಬಂದಿತ್ತು. ಅಲ್ಲಿಯವರೆಗೆ ಇಡೀ ಕಚೇರಿಯ ಬಾಯಲ್ಲಿ ನಾನು ‘ಬಾಟಲಿ ಮೇಡಂ’. ವಾರಕ್ಕೊಮ್ಮೆ ಜಲಾಶಯಕ್ಕೆ ಹೋಗಿ ಬಾಟಲಿಯಲ್ಲಿ ನೀರು ತರುವುದು, ಅದರಲ್ಲಿ ಏನೇನು ಜೀವ ಇದೆಯೆಂದು ಮೈಕ್ರೋಸ್ಕೋಪಿನಲ್ಲಿ ನೋಡಿ ಎಣಿಸುವುದು, ಫೋಟೊ ತೆಗೆದು ವರದಿಗೆ ಸೇರಿಸುವುದು, ಇಷ್ಟೇ ನನ್ನ ಕೆಲಸ. ಆ ವರದಿಯನ್ನು ಯಾರೂ ಓದುತ್ತಿರಲಿಲ್ಲ. ಒಂದು ಸಲ ಬೇಕೆಂದೇ ಫೋಟೊವನ್ನು ತಲೆಕೆಳಗಾಗಿ ಹಾಕಿ ಕಳಿಸಿದ್ದೆ. ಇವತ್ತಿಗೂ ಅದು ತಲೆಕೆಳಗಾಗಿಯೇ ಕಡತದಲ್ಲಿದೆ.

ಈಗ ಇದ್ದಕ್ಕಿದ್ದಂತೆ ಓದುವವರು ಹುಟ್ಟಿಕೊಂಡಿದ್ದರು. ನಮ್ಮ ಜಲಾಶಯದಲ್ಲಿ ಡಯಾಟಮ್ ಎಂಬ ಪಾಚಿ ಇದೆ. ಕಣ್ಣಿಗೆ ಕಾಣದಷ್ಟು ಪುಟ್ಟದು, ಆದರೂ ಅದಕ್ಕೆ ಗಾಜಿನ ಚಿಪ್ಪು, ಚಿಪ್ಪಿನ ಮೇಲೆ ಎಂಥ ಕುಸುರಿಗಾರನೂ ನಾಚುವ ಕೆತ್ತನೆ. ಅದರಲ್ಲಿ ದುಂಡಗಿನ ಒಂದು ಜಾತಿಯನ್ನು ನಾವು ‘ಚಕ್ರ’ ಎನ್ನುತ್ತೇವೆ. ಒಂದು ಮಿಲಿಮೀಟರನ್ನು ಇಪ್ಪತ್ತು ಪಾಲು ಮಾಡಿದರೆ ಒಂದು ಪಾಲಿನಷ್ಟು ಅಗಲ. ನೀರು ಕೆಡತೊಡಗಿದರೆ ಮೊದಲು ಗಂಟುಮೂಟೆ ಕಟ್ಟುವುದು ಇವೇ. ಹನ್ನೆರಡು ವಾರಗಳಲ್ಲಿ ನನ್ನ ಎಣಿಕೆಯಲ್ಲಿ ಚಕ್ರಗಳು ಮೂವತ್ತೊಂಬತ್ತರಿಂದ ಒಂಬತ್ತಕ್ಕೆ ಇಳಿದುಬಿಟ್ಟಿದ್ದವು. ಜಲಾಶಯದ ಮೇಲ್ದಂಡೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದಿದೆ. ನಮ್ಮ ಸಾಹೇಬರು ಬೊಟ್ಟು ಮಾಡಿದ್ದು ಅದರತ್ತಲೇ. ಸೋಮವಾರ ಊರಿನ ಸಭಾಂಗಣದಲ್ಲಿ ನಾನು ವರದಿ ಮಂಡಿಸುವುದು, ಕೂಡಲೇ ಕಾರ್ಖಾನೆ ಮುಚ್ಚಿಸುವ ನೋಟಿಸಿಗೆ ಅವರು ಸಹಿ ಹಾಕುವುದು ಎಂದು ತೀರ್ಮಾನವಾಗಿತ್ತು. ಆಮಂತ್ರಣದ ಕಾರ್ಡು ಹಂಚಿಯಾಗಿತ್ತು. ನಾನಂತೂ ಬಚ್ಚಲುಮನೆಯ ಕನ್ನಡಿ ಎದುರು ದಿನಕ್ಕೆ ಮೂರು ಸಲ ಭಾಷಣ ಮಾಡಿ, ಸ್ನಾನಕ್ಕೆ ಕಾದು ನಿಂತ ಗಂಡನ ಕೈಲಿ ಬಾಗಿಲು ಬಡಿಸಿಕೊಳ್ಳುತ್ತಿದ್ದೆ.

ಇನ್ನು ನಮ್ಮ ಮಾವನವರ ವಿಷಯ. ಅವರು ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಎರಡು ವರ್ಷದ ಹಿಂದೆ ಗೋಡೆ ಗಡಿಯಾರ ಇಳಿಸಲು ಏಣಿ ಹತ್ತಿ, ಗಡಿಯಾರವನ್ನು ಜೋಪಾನವಾಗಿ ಎದೆಗಪ್ಪಿಕೊಂಡು ತಾವು ಬಿದ್ದರು. ಗಡಿಯಾರ ಉಳಿಯಿತು, ಬಲಗೈ ಮಣಿಕಟ್ಟು ಎರಡಾಯಿತು. ಮೂಳೆ ಕೂಡಿದರೂ ಬೆರಳುಗಳು ಮಾತು ಕೇಳಲಿಲ್ಲ, ಅಂಗಡಿ ಮುಚ್ಚಬೇಕಾಯಿತು. ಹಿಸುಕಿ ಹಿಸುಕಿ ಅಭ್ಯಾಸ ಮಾಡಿ ಎಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟರೆ, “ನಂಗೇನು ಚೆಂಡಾಡೋ ವಯಸ್ಸಾ?” ಎಂದು ಅದನ್ನು ಪಕ್ಕದ ಮನೆಯ ನಾಯಿಗೆ ಎಸೆದರು. ಆಮೇಲೆ ಶುರುವಾಯಿತು ನೋಡಿ ಮನೆಯಲ್ಲಿ ಕ್ಯಾತೆ. ಚಹಾ ಬಿಸಿ ಸಾಲದು, ಬಾಗಿಲ ತಿರುಗಣೆಗೆ ಎಣ್ಣೆ ಹಾಕಿಲ್ಲ, ಅಡುಗೆಮನೆ ಗಡಿಯಾರ ಹನ್ನೊಂದು ಸೆಕೆಂಡು ಮುಂದಿದೆ. ನನಗೂ ಮೂಗಿನ ತುದಿಯಲ್ಲೇ ಕೋಪ. ನಮ್ಮಿಬ್ಬರ ನಡುವೆ ಸಿಕ್ಕಿ ಸೋತುಹೋಗಿದ್ದು ಶಾಲಾ ಬಸ್ಸಿನ ಡ್ರೈವರಾದ ನನ್ನ ಗಂಡ. “ಅರವತ್ತು ಮಕ್ಕಳನ್ನ ಸಂಭಾಳಿಸ್ತೀನಿ, ನಿಮ್ಮಿಬ್ಬರನ್ನ ಆಗಲ್ಲ” ಎಂದು ಅವರು ಊಟದ ತಟ್ಟೆ ಹಿಡಿದು ಜಗಲಿಗೆ ಹೋಗಿ ಕೂರುತ್ತಿದ್ದರು.

ತಲೆನೋವು ತಾಳಲಾರದೆ ನಾನು ಕಚೇರಿಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಮೈಕ್ರೋಸ್ಕೋಪನ್ನು ಸಾಹೇಬರ ಅಪ್ಪಣೆ ಪಡೆದು ಮನೆಗೆ ತಂದೆ. ಪೇಟೆಯಲ್ಲಿ ರಚ್ಚೆ ಹಿಡಿದ ಮಗುವಿನ ಬಾಯಿಗೆ ಪೆಪ್ಪರಮಿಂಟು ತುರುಕುತ್ತಾರಲ್ಲ, ಅದೇ ಉದ್ದೇಶ. ಮಾವ ದಿನಗಟ್ಟಲೆ ತಿಣುಕಿ ಅದನ್ನು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಮತ್ತೆ ಜೋಡಿಸಿ ಕಣ್ಣಿಟ್ಟರು. ನಾನು ಒಂದು ಹನಿ ಡಯಾಟಮ್ ಹಾಕಿ ತೋರಿಸಿದೆ. ಅರ್ಧ ಗಂಟೆ ಅವರು ತಲೆ ಎತ್ತಲಿಲ್ಲ. ಎತ್ತಿದಾಗ ಕೇಳಿದ್ದು ಒಂದೇ: “ಇದನ್ನ ಎತ್ತಿ ಬೇರೆ ಕಡೆ ಇಡಕ್ಕಾಗತ್ತೇನಮ್ಮಾ?”

ಆಗುತ್ತದೆ. ಒಂದು ಕೂದಲನ್ನು ಕಡ್ಡಿಯ ತುದಿಗೆ ಅಂಟಿಸಿ, ಅದರಿಂದ ಒಂದೊಂದೇ ಚಿಪ್ಪನ್ನು ಎತ್ತಿ ಇನ್ನೊಂದು ಗಾಜಿನ ಮೇಲೆ ಜೋಡಿಸಿ ಚಿತ್ತಾರ ಮಾಡುವವರು ಜಗತ್ತಿನಲ್ಲಿ ಅಲ್ಲಲ್ಲಿ ಇದ್ದಾರೆ. ನಾನು ಸುಮ್ಮನೆ ಬಾಯಿ ಬಿಟ್ಟೆ, ಅವರು ಹಿಡಿದುಕೊಂಡರು. ಅವರ ಮೀಸೆಯ ಕೂದಲು ಒರಟಾಯಿತು. ಮಗನ ತಲೆಯಲ್ಲಿ ಹುಡುಕಿದರೆ ಸಾಲ ಕೊಡುವಷ್ಟು ಇರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ನನ್ನ ಮುಂದೆ ಬಂದು ನಿಂತು, “ತಪ್ಪು ತಿಳ್ಕೋಬೇಡಮ್ಮ, ನಿನ್ನ ಕಣ್ಣಿನ ರೆಪ್ಪೆದು ಒಂದು ಕೂದಲು ಬೇಕಿತ್ತು” ಅಂದರು. ಮದುವೆಯಾಗಿ ಇಪ್ಪತ್ತೊಂದು ವರ್ಷಕ್ಕೆ ಮಾವನವರು ನನ್ನನ್ನು ಏನಾದರೂ ಬೇಡಿದ್ದು ಅದೇ ಮೊದಲು. ಎರಡು ಕಿತ್ತು ಕೊಟ್ಟೆ.

ಅಲ್ಲಿಂದ ಶನಿವಾರ ಸಂಜೆ ಬಂತೆಂದರೆ ಮನೆಯಲ್ಲಿ ಫ್ಯಾನು ಬಂದ್, ನಗು ಬಂದ್, ಒಗ್ಗರಣೆ ಬಂದ್. ಉಸಿರು ಬಿಟ್ಟರೆ ಚಕ್ರ ಹಾರಿಹೋಗುತ್ತದೆ. ಎತ್ತಿದ ಚಕ್ರವನ್ನು ತೆಳುವಾಗಿ ಅಂಟು ಬಳಿದ ಗಾಜಿನ ಮೇಲೆ ಇಟ್ಟು, ಬಾಯಿ ಹತ್ತಿರ ತಂದು ಮೆಲ್ಲಗೆ ‘ಹಾ’ ಎಂದರೆ ಆ ತೇವಕ್ಕೆ ಅಂಟಿಕೊಳ್ಳುತ್ತದೆ. ಮೊದಲ ದಿನ ಮೂರು ಗಂಟೆ ಕೂತು ಬೆವರಿ ನೀರಾಗಿ ಎದ್ದುಬಂದರು. ಏನಾಯಿತು ಎಂದರೆ ಹೇಳಲಿಲ್ಲ. ಮುಗಿಯುವ ತನಕ ತೋರಿಸುವುದಿಲ್ಲ, ಅರ್ಧ ರಿಪೇರಿಯಾದ ಗಡಿಯಾರವನ್ನು ಗಿರಾಕಿಗೆ ತೋರಿಸುವುದುಂಟೇ ಎಂದು ಗದರಿದರು.

ಚಿಪ್ಪುಗಳು ಅವರಿಗೆ ಸಿಗುತ್ತಿದ್ದದ್ದು ನನ್ನಿಂದಲೇ. ಕಚೇರಿಯ ಮಾಡಿನ ರಿಪೇರಿ ನಡೆದು ಎಲ್ಲೆಲ್ಲೂ ಧೂಳಾಗಿದ್ದರಿಂದ ಶನಿವಾರ ನಾನು ತೊಳೆದ ಮಾದರಿಯನ್ನು ಮನೆಗೇ ತಂದು, ಉದ್ದನೆಯ ಗಾಜಿನ ಮೇಲೆ ಹರವಿ, ಒಣಗಲು ಬಟ್ಟಲು ಮುಚ್ಚಿ ಇಡುತ್ತಿದ್ದೆ. ಭಾನುವಾರ ಬೆಳಿಗ್ಗೆ ಅದರ ಮೇಲೆ ಅಂಟು ಹಾಕಿ, ಗಾಜು ಮುಚ್ಚಿ, ಎಣಿಸುವುದು. ಗಾಜಿನ ನಡುವೆ ಒಂದು ಗೆರೆ ಗೀಚಿ ಮಾವನಿಗೆ ಹೇಳಿದ್ದೆ: “ಗೆರೆಯ ಎಡಗಡೆ ನಂದು, ಮುಟ್ಟಬೇಡಿ. ಬಲಗಡೆ ನಿಮ್ಮದು, ಏನು ಬೇಕಾದ್ರೂ ಮಾಡ್ಕೊಳ್ಳಿ.”

ಸಭೆಗೆ ಎರಡು ದಿನ ಇರುವಾಗ, ಶನಿವಾರ ಮಧ್ಯಾಹ್ನ, ಮಾವ ಒಂದು ಗಾಜನ್ನು ಕರವಸ್ತ್ರದ ಮೇಲಿಟ್ಟು ತಂದರು. “ಮುಗೀತು. ಫೋಟೊ ತೆಗಿ. ನಿನ್ನ ಭಾಷಣದ ಕೊನೇಲಿ ತೋರಿಸು, ಜನ ಎದ್ದು ಕೂರ್ತಾರೆ” ಅಂದರು. ನಾನು ಇಲಾಖೆಯ ಕ್ಯಾಮೆರಾ ಜೋಡಿಸಿದೆ. ಕೆಳಗಿನಿಂದ ಬರುವ ಬೆಳಕಿಗೆ ಅಡ್ಡವಾಗಿ ದುಂಡಗೆ ಕತ್ತರಿಸಿದ ಕಪ್ಪು ಕಾಗದ ಇಟ್ಟರೆ ಬೆಳಕು ಬದಿಯಿಂದ ಮಾತ್ರ ನುಗ್ಗಿ, ಹಿನ್ನೆಲೆ ಕಪ್ಪಾಗಿ ಚಿಪ್ಪುಗಳಷ್ಟೇ ಹೊಳೆಯುತ್ತವೆ. ಕಣ್ಣಿಟ್ಟೆ. ಅಬ್ಬಾ! ಒಂದರ ಸುತ್ತ ಒಂದರಂತೆ ಹನ್ನೆರಡು ಸುತ್ತು, ಬರೀ ಚಕ್ರಗಳು, ಕೆಲವು ನೀಲಿ, ಕೆಲವು ಚಿನ್ನದ ಬಣ್ಣ. ನಡುವಿನ ಸುತ್ತುಗಳು ಸೊಟ್ಟಗಿದ್ದವು, ಅಲ್ಲಲ್ಲಿ ಎರಡು ಚಕ್ರ ಒಂದನ್ನೊಂದು ಹತ್ತಿ ಕೂತಿದ್ದವು. ಹೊರಕ್ಕೆ ಹೋದಂತೆ ದಾರ ಹಿಡಿದು ಜೋಡಿಸಿದಷ್ಟು ನೇರ. ಹದಿನೆಂಟು ವರ್ಷ ಅವನ್ನೇ ನೋಡಿದ ನನಗೇ ಮೈ ಜುಮ್ಮೆಂದಿತು.

“ನೀರಲ್ಲಿ ಇವು ಹೀಗೆ ಸಾಲಾಗಿ ನಿಂತಿರಲ್ಲ ಮಾವ. ಇದು ವಿಜ್ಞಾನ ಅಲ್ಲ, ಅಲಂಕಾರ” ಎಂದು ಕೆಣಕಿದೆ.

“ನೀನು ಸೀರೆ ಉಟ್ಕೊಂಡು ಹುಟ್ಟಿದ್ಯೇನಮ್ಮಾ? ನಾಲ್ಕು ಜನರ ಮುಂದೆ ಹೋಗೋವಾಗ ಎಲ್ಲಾರೂ ಅಲಂಕಾರ ಮಾಡ್ಕೊಂಡೇ ಹೋಗೋದು” ಅಂದರು.

ನಗುತ್ತ ಫೋಟೊ ತೆಗೆಯತೊಡಗಿದೆ. ಇಷ್ಟು ಚಿಕ್ಕದರಲ್ಲಿ ಮೇಲಿನ ಅಂಚು ಸ್ಪಷ್ಟವಾದರೆ ಕೆಳಗಿನದು ಮಸುಕು. ಹಾಗಾಗಿ ಕೂದಲೆಳೆಯಷ್ಟು ಇಳಿಸಿ ಇಳಿಸಿ ಮೂವತ್ತು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಒಂದು ಮಾಡಬೇಕು. ಹನ್ನೆರಡನೆಯ ಫೋಟೊಗೋ ಹದಿಮೂರನೆಯದಕ್ಕೋ ಬಂದಾಗ ಕೈ ತಾನಾಗಿ ನಿಂತಿತು. ಬಾಟಲಿಯಲ್ಲೇ ಮುಗಿದುಹೋಗುತ್ತಿರುವ ಚಕ್ರಗಳು ಇಲ್ಲಿಷ್ಟು ಹೇಗೆ ಬಂದವು?

“ಮಾವ, ಇವನ್ನೆಲ್ಲ ಎಲ್ಲಿಂದ ತೆಗೆದ್ರಿ?”

“ಎಲ್ಲಿಂದ ಅಂದ್ರೆ? ನೀನು ಕೊಟ್ಟಿದ್ಯಲ್ಲ, ಗೆರೆಯ ಬಲಗಡೆಯಿಂದ.”

“ತೋರಿಸಿ ನೋಡೋಣ.”

ಅವರು ಆ ವಾರದ ಗಾಜನ್ನು ಮೈಕ್ರೋಸ್ಕೋಪಿಗೆ ಇಟ್ಟು, ಕಣ್ಣಿಟ್ಟು, ಗೆರೆಯನ್ನು ಹುಡುಕಿ, ತಮಗೆ ಕಾಣುವ ಬಲಗಡೆಗೆ ಕೂದಲು ಒಯ್ದರು. ನಾನು ಹೊರಗಿನಿಂದ ನೋಡುತ್ತಿದ್ದೆ. ಕಡ್ಡಿಯ ತುದಿ ಇದ್ದದ್ದು ಗೆರೆಯ ಎಡಗಡೆ. ಮೈಕ್ರೋಸ್ಕೋಪು ಎಲ್ಲವನ್ನೂ ಅದಲುಬದಲು ಮಾಡಿ ತೋರಿಸುತ್ತದೆ, ಎಡ ಬಲವಾಗುತ್ತದೆ. ಹನ್ನೆರಡು ವಾರ ಮಾವ ನಿಷ್ಠೆಯಿಂದ ನನ್ನ ಪಾಲಿನ ಚಕ್ರಗಳನ್ನೇ ಕದ್ದಿದ್ದರು. ಉಳಿದವನ್ನು ನಾನು ಭಾನುವಾರ ಎಣಿಸಿ, ಜಲಾಶಯ ಕೆಡುತ್ತಿದೆ ಎಂದು ಡಂಗುರ ಹೊಡೆದಿದ್ದೆ.

ನನ್ನ ಬಾಯಿಂದ ಬಂದದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಮನೆಯ ಮಾಡು ಹಾರಲಿಲ್ಲ ಅಷ್ಟೆ. ಮಾವ ಮೊದಲು ಕಕ್ಕಾಬಿಕ್ಕಿಯಾದರು, ಆಮೇಲೆ ಅವರೂ ಏರಿದರು.

“ಇದು ತಿರುಗಾಮುರುಗಾ ತೋರಿಸತ್ತೆ ಅಂತ ನಂಗೂ ಗೊತ್ತು! ಕೈ ಆ ಕಡೆ ಒಯ್ದರೆ ಕೂದಲು ಈ ಕಡೆ ಬರತ್ತೆ. ಆದ್ರೆ ಕಣ್ಣಿಗೆ ಕಾಣದೇ ಇರೋದ್ರ ಎಡ ಬಲ ಹೇಳೋರು ಒಳಗಡೆ ಕಂಡಿದ್ದನ್ನ ತಾನೇ ಹೇಳ್ಬೇಕು? ನಮ್ಮ ಅಂಗಡೀಲಿ ಭೂತಗನ್ನಡಿ ಹಾಕ್ಕೊಂಡ್ರೆ ಬಲ ಬಲಾನೇ, ಎಡ ಎಡಾನೇ. ಇದ್ರಲ್ಲಿ ಹೊರಗಿನ ಬಲ ಬೇರೆ, ಒಳಗಿನ ಬಲ ಬೇರೆ ಅಂತ ನೀನು ಹೇಳಿದ್ಯಾ?”

ಹೇಳಿರಲಿಲ್ಲ. ಹದಿನೆಂಟು ವರ್ಷದ ಅನುಭವದ ಮಹಾತಾಯಿ ಹೊರಗೆ ನಿಂತು ‘ಬಲಗಡೆ’ ಎಂದು ಕೈ ತೋರಿಸಿ ಹೊರಟುಹೋಗಿದ್ದೆ. ಅದು ಗೊತ್ತಾಗಿದ್ದರಿಂದ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಮಾವ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಗಂಡ ಯಾರನ್ನೂ ಕೇಳದೆ ತಟ್ಟೆ ಹಿಡಿದು ಜಗಲಿಗೆ ನಡೆದರು.

ಸಾಹೇಬರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು, “ಅಲ್ಲ ಮೇಡಂ, ಇದು ಯಾರಿಗ್ರೀ ಗೊತ್ತಾಗತ್ತೆ? ನಿಮ್ಮ ಮಾವ ಏನು ಪತ್ರಿಕೆಗೆ ಹೇಳ್ತಾರಾ? ಹೊರಗಡೆಯಿಂದ ಪ್ರೊಫೆಸರಮ್ಮ ಬೇರೆ ಬರ್ತಿದ್ದಾರೆ. ಸುಮ್ನೆ ಓದಿಬಿಡಿ” ಅಂದರು. ಸುಳ್ಳು ಯಾಕೆ ಹೇಳಲಿ, ನನಗೆ ಆಸೆಯಾಯಿತು. ಹದಿನೆಂಟು ವರ್ಷಕ್ಕೆ ಒಂದು ಸಲ ಮೈಕು. ಅದರ ಮುಂದೆ ನಿಂತು ‘ನಾನು ಎಡವಟ್ಟು ಮಾಡಿದೆ’ ಎಂದು ಹೇಳಿ ಬರಲು ಯಾರಿಗೆ ಇಷ್ಟ?

ಭಾನುವಾರ ಬೆಳಿಗ್ಗೆ ಸಾಹೇಬರು ನೋಟಿಸಿನ ಕರಡು ಕಳಿಸಿದರು. ಅದರ ಮೊದಲ ಸಾಲಿನಲ್ಲೇ ನನ್ನ ಹೆಸರು, ನನ್ನ ಎಣಿಕೆ. ಅಚ್ಚಿನಲ್ಲಿ ನನ್ನ ಹೆಸರು ನೋಡಿದ್ದು ಅದೇ ಮೊದಲು. ಎರಡನೇ ಸಾಲಿನಲ್ಲಿ, ಆ ಕಾರಣಕ್ಕೆ ಎಂಬತ್ತು ಮಂದಿ ಕೆಲಸ ಮಾಡುವ ಕಾರ್ಖಾನೆ ನಾಳೆಯಿಂದ ಬಾಗಿಲು ಹಾಕತಕ್ಕದ್ದು ಎಂದಿತ್ತು. ಕುಡಿಯುತ್ತಿದ್ದ ಚಹಾ ಕೆಳಗಿಟ್ಟೆ. ಎದ್ದು ಹೋಗಿ ಮಾವನ ಬಾಗಿಲು ತಟ್ಟಿದೆ.

“ಮಾವ, ಯಾವ ವಾರ ಎಷ್ಟು ತೆಗೆದ್ರಿ ಅಂತ ನೆನಪಿದ್ಯಾ?”

ಒಳಗಿನಿಂದ, “ನೆನಪ್ಯಾಕೆ? ಬಿಚ್ಚಿದ ಸಾಮಾನು ಬಿಚ್ಚಿದ ಸಾಲಲ್ಲೇ ಇಡೋನು ನಾನು. ಒಂದು ವಾರಕ್ಕೆ ಒಂದು ಸುತ್ತು. ಮೊದಲನೇ ವಾರದ್ದು ನಡುವೆ, ಕೊನೇದು ಹೊರಗೆ. ನೋಡಿ ಎಣಿಸ್ಕೋ.”

ಬಾಗಿಲು ತೆರೆಯಿತು. ಇಬ್ಬರೂ ಫೋಟೊ ಮುಂದೆ ಕೂತೆವು. ನಡುವಿನಿಂದ ಎಣಿಸಿದರೆ ಎರಡು, ಮೂರು, ಮೂರು, ಐದು, ಎಂಟು, ಹತ್ತು, ಹದಿನಾಲ್ಕು. ಆಮೇಲೆ ಹದಿನೇಳು, ಇಪ್ಪತ್ತೊಂದು, ಇಪ್ಪತ್ತೈದು, ಇಪ್ಪತ್ತೆಂಟು, ಮೂವತ್ತೊಂದು. ಒಟ್ಟು ನೂರ ಅರವತ್ತೇಳು. “ಕೈಯಿಂದ ಜಾರಿ ಕಳೆದುಹೋದದ್ದು?” ಎಂದು ಕೇಳಿದೆ. “ನಾನು ಕಳೆಯೋದಾ?” ಎಂದು ಕಣ್ಣು ಬಿಟ್ಟರು. ಮೊದಲ ವಾರ ನಾನು ಎಣಿಸಿದ್ದು ಮೂವತ್ತೊಂಬತ್ತು, ಅವರು ತೆಗೆದದ್ದು ಎರಡು, ಸೇರಿ ನಲವತ್ತೊಂದು. ಕೊನೆಯ ವಾರ ನನ್ನ ಒಂಬತ್ತು, ಅವರ ಮೂವತ್ತೊಂದು, ನಲವತ್ತು. ನಡುವಿನ ವಾರಗಳೂ ಅಲ್ಲಲ್ಲೇ ಇದ್ದವು. ಜಲಾಶಯಕ್ಕೆ ಏನೂ ಆಗಿರಲಿಲ್ಲ. ನೀರು ಆರಾಮಾಗಿತ್ತು.

ಸೋಮವಾರ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಪ್ರೊಫೆಸರಮ್ಮ, ಪಕ್ಕದಲ್ಲಿ ಸಾಹೇಬರು, ಆಚೆ ಮುಖ ಗಂಟು ಹಾಕಿಕೊಂಡ ಕಾರ್ಖಾನೆಯ ಮಾಲೀಕರು. ಎರಡನೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಮಾವ. ಅವರನ್ನು ಬರಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ, ಬರದೆ ಇರಲು ಅವರಿಗೆ ಮನಸ್ಸು ಬರಲಿಲ್ಲ. ಮೈಕು ಕುಂಯ್ ಎಂದಿತು.

ಮೊದಲು ಇಳಿಯುವ ಗೆರೆ ತೋರಿಸಿದೆ. “ಇದು ನಾನು ಹನ್ನೆರಡು ವಾರ ಎಣಿಸಿದ್ದು. ಇದು ತಪ್ಪು” ಅಂದೆ. ಸಾಹೇಬರು ಹಣೆಗೆ ಕೈ ಹಚ್ಚಿದರು. ಫೋಟೊ ಹಾಕಿದೆ. ಗೋಡೆಯಗಲ ಕತ್ತಲೆಯಲ್ಲಿ ನೂರ ಅರವತ್ತೇಳು ಗಾಜಿನ ಚಕ್ರಗಳು ಬೆಳಗಿದವು. ಸಭೆಯಲ್ಲಿ ಯಾರೋ ‘ಆಹಾ’ ಎಂದರು. ಗೆರೆ, ಎಡ, ಬಲ, ಕಣ್ರೆಪ್ಪೆಯ ಕೂದಲು, ಎಲ್ಲವನ್ನೂ ಹೇಳಿದೆ. ತಪ್ಪು ದಾರಿ ತೋರಿಸಿದವಳು ನಾನು, ಕದ್ದವರು ನಾನು ತೋರಿಸಿದಲ್ಲಿಂದಲೇ ಕದ್ದರು ಎಂದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನ್ನೂ ಕೂಡಿಸಿದ ಸಪಾಟು ಗೆರೆಯನ್ನು ತೋರಿಸಿದಾಗ ಮಾಲೀಕರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಸಾಹೇಬರು ನೋಟಿಸನ್ನು ಮಡಚಿ ಮೆಲ್ಲಗೆ ಜೇಬಿಗೆ ಇಳಿಸಿದರು.

ಪ್ರೊಫೆಸರಮ್ಮ ನಗಲಿಲ್ಲ. ಕನ್ನಡಕ ಏರಿಸಿ ಕೇಳಿದರು: “ನೀರಿನ ಗೆರೆ ಸಪಾಟಾಗಿದೆ, ಸರಿ. ಹಾಗಾದ್ರೆ ನೀವು ಮೊದಲು ತೋರಿಸಿದ್ರಲ್ಲ, ಅಷ್ಟು ಚೆನ್ನಾಗಿ ಇಳೀತಿದ್ದ ಗೆರೆ, ಅದು ಯಾವುದರದ್ದು?”

ನಾನು ಅದನ್ನು ಯೋಚಿಸಿರಲಿಲ್ಲ. ಫೋಟೊದ ಕಡೆ ತಿರುಗಿದೆ. ನಡುವೆ ಸೊಟ್ಟಗೆ ಕೂತ ಎರಡು ಚಕ್ರಗಳಿಂದ ಹೊರಗಿನ ಮೂವತ್ತೊಂದರ ತನಕ ಒಂದು ಸಲ ನೋಡಿದೆ. ಆಗ ಹೊಳೆಯಿತು.

“ಅದು ನಮ್ಮ ಮಾವನವರ ಕೈಯದ್ದು ಮೇಡಂ” ಅಂದೆ. “ಎರಡು ವರ್ಷದ ಹಿಂದೆ ಮುರಿದ ಕೈ. ಮೊದಲನೇ ವಾರ ಮೂರು ಗಂಟೆ ಕೂತು ಎರಡು ಎತ್ತಿದ್ರು. ಹನ್ನೆರಡನೇ ವಾರ ಅಷ್ಟೇ ಹೊತ್ತಲ್ಲಿ ಮೂವತ್ತೊಂದು. ಚಕ್ರ ಕಮ್ಮಿ ಆಗಿದ್ದಲ್ಲ, ಅವರ ಕೈ ಸರಿಯಾಗಿದ್ದು. ನಾನು ಅದನ್ನೇ ಪ್ರತಿ ಭಾನುವಾರ ಎಣಿಸ್ತಾ ಕೂತಿದ್ದೆ. ಗೊತ್ತಾಗಲಿಲ್ಲ.”

ಮಾವ ಗೋಡೆಯ ಮೇಲಿನ ಚಿತ್ರ ನೋಡಿದರು, ತೊಡೆಯ ಮೇಲಿದ್ದ ತಮ್ಮ ಬಲಗೈ ನೋಡಿಕೊಂಡರು. ಅದು ಅವರಿಗೂ ಗೊತ್ತಿರಲಿಲ್ಲವೆಂದು ಆ ಮುಖ ನೋಡಿದರೇ ತಿಳಿಯುತ್ತಿತ್ತು. ಬೆರಳು ಮಡಚಿದರು, ಬಿಚ್ಚಿದರು. ಇನ್ನೇನು ಅತ್ತೇಬಿಡುತ್ತಾರೆ ಎಂದುಕೊಂಡೆ. ಅವರು ಎದ್ದು ನಿಂತರು.

“ಒಂದು ತಪ್ಪಿದೆಯಮ್ಮಾ” ಅಂದರು, ಅಂಗಡಿಯಲ್ಲಿ ಗಿರಾಕಿಯೊಡನೆ ಮಾತಾಡುವ ಗಟ್ಟಿ ಧ್ವನಿಯಲ್ಲಿ. “ಕೊನೇ ವಾರದ್ದು ಮೂವತ್ತೊಂದಲ್ಲ, ಮೂವತ್ತೆರಡು. ಒಂದು ಎತ್ತಿದ್ಮೇಲೆ ಸೀನು ಬಂತು. ಎಲ್ಲಿ ಹೋಯ್ತೋ ಸಿಗಲಿಲ್ಲ. ನಿನ್ನೆ ನೀನು ಕೇಳಿದಾಗ ಹೇಳಕ್ಕೆ ನಾಚಿಕೆ ಆಯ್ತು. ಸರಿ ಮಾಡ್ಕೋ.”

ಸಭೆ ಮತ್ತೆ ಗೊಳ್ಳೆಂದಿತು. ನಾನು ಮಾತ್ರ ಕಣ್ಣೊರೆಸಿಕೊಂಡು, ಎಲ್ಲರೆದುರು ಮೂವತ್ತೊಂದನ್ನು ಹೊಡೆದು ಹಾಕಿ ಮೂವತ್ತೆರಡು ಎಂದು ಬರೆದೆ, ಆ ವಾರದ ಮೊತ್ತವನ್ನು ನಲವತ್ತೊಂದು ಮಾಡಿದೆ. ಮಾವ ಕೂರದೆ ಕಾಯುತ್ತಿದ್ದರು.

“ಬರೆದ್ಯಾ?”

“ಬರೆದೆ ಮಾವ.”

ಆಮೇಲೆ ಕೂತರು.